ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಎಲ್ಲಿ ಗಲಾಟೆ ಕಂಡರೂ "ಮೊದಲು ಹೊಡೆದದ್ದು ಯಾರು?" ಎಂದು ಕೇಳುವ ಚಟ. ಎಂಟನೇ ತರಗತಿಯ ಹುಡುಗರಿಬ್ಬರು ಅಂಗಿಯ ಗುಂಡಿ ಕಿತ್ತುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರೆ, ಈ ಪ್ರಶ್ನೆಗೆ ಉತ್ತರ ಸಿಕ್ಕಲ್ಲಿಗೆ ಅರ್ಧ ನ್ಯಾಯ ತೀರಿದಂತೆ. ಹೊಡೆದವನು ತಲೆ ತಗ್ಗಿಸುತ್ತಾನೆ, ಹೊಡೆಸಿಕೊಂಡವನು ಮೂಗೊರೆಸಿಕೊಂಡು ಬೆಂಚಿಗೆ ಹೋಗುತ್ತಾನೆ, ನಾವು ಬೋರ್ಡಿನ ಕಡೆ ತಿರುಗುತ್ತೇವೆ. ತಪ್ಪು ಯಾರದು ಎಂದು ಕೇಳುವುದು, ತಪ್ಪಿದವನಿಂದ ಸರಿಮಾಡಿಸುವುದು. ಮೇಷ್ಟರಿಕೆಯ ನ್ಯಾಯಶಾಸ್ತ್ರ ಇಷ್ಟೇ.

ಮೋಟಾರು ವಿಮೆಯ ಲೋಕ ಬೇರೆ. ಅಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಹೋಗಲಿ, ಕೇಳದೆಯೇ ದಂಡ ಹಾಕುತ್ತಾರೆ. 2025ರ ಜನವರಿಯಲ್ಲಿ ಈ ಲೋಕದೊಳಗೆ ಕಾಲಿಟ್ಟು, ಹದಿನೈದು ದಿನ ತಲೆ ಕೆಡಿಸಿಕೊಂಡು ಹೊರಗೆ ಬಂದವಳು ನಾನು. ಆ ಹದಿನೈದು ದಿನದ ಕಥೆಯಿಂದ ನಿಮ್ಮಲ್ಲಿ ಯಾರಿಗಾದರೂ ನಾಲ್ಕು ಕಾಸಿನ ಪ್ರಯೋಜನ ಆಗಬಹುದೆಂದು ಬರೆಯುತ್ತಿದ್ದೇನೆ.

ನಮ್ಮ ಕಾರಿನ ವಿಷಯ ಮೊದಲು ಹೇಳಬೇಕು. ದೊಡ್ಡ ಕಾರೇನಲ್ಲ, 800 ಸಿಸಿಯ ಒಳಗಿನ ಚಿಕ್ಕ ಬಿಳಿ ಕಾರು. 2020ರ ಮಾರ್ಚ್ ಮೊದಲ ವಾರ ಕೊಂಡದ್ದು. ಮನೆಗೆ ತಂದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನಾಲ್ಕು ಸಲ ಸಾಗರದ ಪೇಟೆಗೆ ಹೋಗಿ ಬರುವಷ್ಟರಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಹೊಸ ಕಾರು ತಿಂಗಳುಗಟ್ಟಲೆ ಸೌದೆ ಕೊಟ್ಟಿಗೆಯ ಪಕ್ಕ ನಿಂತಿತು, ಅದರ ಬಾನೆಟ್ಟಿನ ಮೇಲೆ ನಮ್ಮನೆ ಬೆಕ್ಕು ಮಲಗಿತು. ಆ ವರ್ಷ ವಿಮೆಗೆ ಕಟ್ಟಿದ ಹಣದಲ್ಲಿ ರಕ್ಷಣೆ ಪಡೆದದ್ದು ಬೆಕ್ಕು ಮಾತ್ರ ಎಂದು ನಮ್ಮವರು ಈಗಲೂ ಹೇಳುವುದುಂಟು.

ಆಮೇಲೆ ಕಾರು ಓಡಿತು. ನಾನೇ ಓಡಿಸಿದೆ. ಮಾರ್ಚ್ ಬಂದಾಗಲೆಲ್ಲ ವಿಮೆ ನವೀಕರಿಸಿದೆ. ಪ್ರತಿ ಸಲ ಆ ಕಾಗದದ ಮೇಲೆ 'ನೋ ಕ್ಲೇಮ್ ಬೋನಸ್' ಎಂಬ ಸಾಲು. 2021ರಲ್ಲಿ ಶೇ. 20, ಮರುವರ್ಷ 25, ಆಮೇಲೆ 35, 2024ರಲ್ಲಿ 45. ಐದನೆಯ ವರ್ಷ ಶೇ. 50 ಆಗುತ್ತದೆ, ಅಲ್ಲಿಗೆ ಕೊನೆ, ಅದಕ್ಕಿಂತ ಮೇಲೆ ಇಲ್ಲ. ಅಂಕಪಟ್ಟಿಯಲ್ಲಿ ಅಂಕ ಏರಿದಂತೆ ಏರುವ ಆ ಸಂಖ್ಯೆ ಕಂಡರೆ ಒಳಗೊಳಗೇ ಒಂದು ಹಿಗ್ಗು. 2025ರ ಮಾರ್ಚಿಗೆ ಐವತ್ತು ಮುಟ್ಟಬೇಕಿತ್ತು. ಎರಡು ತಿಂಗಳು ಬಾಕಿ ಇತ್ತು.

ಅಡಿಕೆ ಕೊಯ್ಲಿನ ಕಾಲ. ಪೇಟೆಯ ತುಂಬ ಮೂಟೆ ಹೇರಿಕೊಂಡ ಪಿಕಪ್ ಗಾಡಿಗಳು. ಅತ್ತೆಯವರನ್ನು ಕಣ್ಣಿನ ಡಾಕ್ಟರ ಹತ್ತಿರ ಬಿಟ್ಟು, ರಸ್ತೆಯ ಬದಿಯಲ್ಲಿ ಬಿಳಿ ಗೆರೆಯ ಒಳಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆ ನೋಡುತ್ತಾ ಕುಳಿತಿದ್ದೆ. ಹಿಂದೆ ಹಿಂದೆ ಬಂದ ಒಂದು ಪಿಕಪ್ಪು, ಮೂಟೆಗಳ ಮರೆಯಲ್ಲಿ ನನ್ನ ಕಾರು ಕಾಣದೆ, ಸೀದಾ ಬಂದು ಗುದ್ದಿತು. ಹಿಂದಿನ ಗಾಜು ಪುಡಿಯಾಗಿ ಸೀಟಿನ ಮೇಲೆ ಕಲ್ಲುಸಕ್ಕರೆಯಂತೆ ಚೆಲ್ಲಿತು. ನನಗೇನೂ ಆಗಲಿಲ್ಲ, ಕತ್ತು ಎರಡು ದಿನ ಹಿಡಿದುಕೊಂಡದ್ದು ಬಿಟ್ಟರೆ. ಕೆಂಪು ಪೆನ್ನಿನ ಗೆರೆ ಮಾತ್ರ ಯಾವುದೋ ಹುಡುಗಿಯ ಉತ್ತರದ ಮೇಲೆ ಉದ್ದಕ್ಕೆ ಎಳೆದುಹೋಗಿತ್ತು. ಅವಳಿಗೆ ಆಮೇಲೆ ವಿವರಿಸಿ ಹೇಳಬೇಕಾಯಿತು.

ಗಾಡಿಯವರು ಇಳಿದು ಓಡಿ ಬಂದರು. ಮೂವತ್ತರ ಆಸುಪಾಸಿನ ಮನುಷ್ಯ. ವಾದ ಮಾಡಲಿಲ್ಲ, ಕೂಗಾಡಲಿಲ್ಲ. "ಅಮ್ಮಾ, ನಂದೇ ತಪ್ಪು. ಪೊಲೀಸ್ ಗಿಲೀಸ್ ಬ್ಯಾಡ" ಎಂದು ಅಂಗಿ ಜೇಬಿನಿಂದ ನಾಲ್ಕು ಐನೂರರ ನೋಟು ತೆಗೆದು ಹಿಡಿದರು. ಅಂದಿನ ಬಾಡಿಗೆ ಇರಬೇಕು. "ಹಣ ಹಾಗಿರಲಿ, ನಿಮ್ಮ ಇನ್ಶೂರೆನ್ಸ್ ಕಾಗದ ತೋರಿಸಿ" ಎಂದೆ. ಅವರ ಮುಖ ಇಳಿಯಿತು. ವಿಮೆ ಮುಗಿದು ಎರಡು ತಿಂಗಳಾಗಿತ್ತು. ಗಾಡಿ ಸಾಲದ ಮೇಲೆ ಕೊಂಡದ್ದು, ಕಂತು ಕಟ್ಟಿ ಉಳಿದರೆ ಡೀಸೆಲ್ಲು, ಡೀಸೆಲ್ಲು ಹಾಕಿ ಉಳಿದರೆ ವಿಮೆ. ಉಳಿದಿರಲಿಲ್ಲ. ಗಾಡಿಯ ನಂಬರು, ಅವರ ಫೋನ್ ನಂಬರು ಬರೆದುಕೊಂಡು, ನೋಟುಗಳನ್ನು ಅವರ ಜೇಬಿಗೇ ವಾಪಸು ಕಳಿಸಿ, ನುಗ್ಗಾದ ಕಾರಿನ ಮೂರು ಫೋಟೊ ತೆಗೆದು ಮನೆಗೆ ಬಂದೆ.

ಅತ್ತೆಯವರು ಕಣ್ಣಿಗೆ ಹಾಕಿದ ಔಷಧಿಯ ಮಂಜಿನಲ್ಲೇ ಕಾರನ್ನು ಒಂದು ಸುತ್ತು ಹಾಕಿ, "ಯಾರಿಗೂ ಏನೂ ಆಗಲಿಲ್ಲವಲ್ಲ, ಗಾಜು ತಾನೇ" ಎಂದರು. ಊರಿನಲ್ಲಿ ಉಳಿದವರೆಲ್ಲರದೂ ಒಂದೇ ಮಾತು: "ನಿಮ್ಮ ತಪ್ಪಿಲ್ಲವಲ್ಲ, ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡಿ ಬಿಡಿ."

ಮಾಡಿಬಿಡಬಹುದೇ? ಪಾಲಿಸಿಯ ಕಾಗದ ತೆಗೆದು ಕನ್ನಡಕ ಏರಿಸಿ ಕುಳಿತೆ. ವಿಮೆಯ ಕಾಗದ ನಾವು ಓದುವುದು ಏಟು ಬಿದ್ದ ಮೇಲೆಯೇ. ಅದರಲ್ಲಿ ಎರಡು ಭಾಗಗಳಿರುತ್ತವೆ. ಒಂದು 'ಸ್ವಂತ ಹಾನಿ', ನಮ್ಮ ಗಾಡಿಗೆ ಆದ ಪೆಟ್ಟಿಗೆ. ಇನ್ನೊಂದು 'ಥರ್ಡ್ ಪಾರ್ಟಿ', ಎಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಪೆಟ್ಟಿಗೆ. ವಿಮೆ ಕಟ್ಟಿದ ನಾನು ಮೊದಲನೆಯವಳು, ಕಂಪನಿ ಎರಡನೆಯದು, ಪೆಟ್ಟು ತಿಂದವನು ಮೂರನೆಯವನು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿರುವುದು ಈ ಎರಡನೆಯ ಭಾಗವನ್ನು ಮಾತ್ರ. ನಮ್ಮ ಕಾರನ್ನು ನಾವು ಕಾಪಾಡಿಕೊಳ್ಳಲಿ, ಬಿಡಲಿ, ದಾರಿಯಲ್ಲಿ ಹೋಗುವವನಿಗೆ ನಾವು ಗುದ್ದಿದರೆ ಅವನು ಅನಾಥನಾಗಬಾರದು ಎಂಬುದು ಕಾನೂನಿನ ಕಾಳಜಿ.

ಹಾಗಾದರೆ ಇಲ್ಲಿ ಪೆಟ್ಟು ತಿಂದ ಮೂರನೆಯವಳು ನಾನೇ. ನ್ಯಾಯವಾಗಿ ಪಿಕಪ್ಪಿನ ವಿಮೆ ನನ್ನ ಗಾಜಿನ ಹಣ ಕೊಡಬೇಕು, ನನ್ನ ಬೋನಸ್ಸು ಕದಲಬಾರದು. ಆ ದಾರಿಯೂ ಇದೆ. ಪೊಲೀಸರಿಗೆ ದೂರು, ಎಫ್‌ಐಆರ್, ಆಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಜೀವಹಾನಿ, ಅಂಗಹಾನಿಗಳ ಕಡತ ತುಂಬಿದ ಕಪಾಟಿನಲ್ಲಿ ನನ್ನ ಬಂಪರಿನ ಕಡತವೂ ಸೇರಿ ತನ್ನ ಸರದಿಗೆ ಕಾಯಬೇಕು. ಅಷ್ಟು ಕಾದರೂ, ಆ ಪಿಕಪ್ಪಿಗೆ ವಿಮೆಯೇ ಇಲ್ಲದ ಮೇಲೆ ಕೊಡುವ ಕಂಪನಿ ಎಲ್ಲಿಂದ ಬರಬೇಕು? ಕೊಡಬೇಕಾದವರು ಆ ಮನುಷ್ಯರೇ. ಜೊತೆಗೆ ಅಜಾಗರೂಕ ಚಾಲನೆಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಂತೆ ಆರು ತಿಂಗಳವರೆಗಿನ ಸಜೆ ಅಥವಾ ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ. ವಿಮೆಯಿಲ್ಲದೆ ಗಾಡಿ ಓಡಿಸಿದ್ದಕ್ಕೆ ಮೋಟಾರು ಕಾಯ್ದೆಯಲ್ಲಿ ಮೊದಲ ಸಲಕ್ಕೆ ಮೂರು ತಿಂಗಳವರೆಗಿನ ಸಜೆ ಅಥವಾ ಎರಡು ಸಾವಿರ ದಂಡ ಅಥವಾ ಎರಡೂ. ಗಾಡಿ ಸ್ಟೇಷನ್ನಿನ ಅಂಗಳದಲ್ಲಿ ನಿಂತರೆ ಕೊಯ್ಲಿನ ದುಡಿಮೆ ಅಲ್ಲಿಗೆ ಮುಗಿಯಿತು. ನನ್ನ ತಮ್ಮ "ಹಾಕು ಕೇಸು" ಎಂದ. ನಮ್ಮವರು "ಬೇಡ" ಎಂದರು. ಬಂಪರಿನ ಬೆಲೆಗೆ ಒಂದು ಮನೆಯ ಒಲೆ ಆರಿಸಲು ನನಗೂ ಮನಸ್ಸಾಗಲಿಲ್ಲ.

ಉಳಿದದ್ದು ಎರಡು. ನನ್ನದೇ ಪಾಲಿಸಿಯ ಸ್ವಂತ ಹಾನಿಯ ಭಾಗದಲ್ಲಿ ಕೇಳುವುದು, ಇಲ್ಲವೆ ಕೈಯಿಂದ ಖರ್ಚು ಮಾಡುವುದು. ಇಲ್ಲಿಯೇ ಆ ಬೋನಸ್ಸಿನ ಮರ್ಮ ಇರುವುದು. ನಮ್ಮವರು "ನಿನ್ನ ತಪ್ಪಿಲ್ಲ ಎಂದಮೇಲೆ ಬೋನಸ್ ಯಾಕೆ ಕಿತ್ತುಕೊಳ್ಳುತ್ತಾರೆ?" ಎಂದು ಕೇಳಿದರು. ಕಾಗದವನ್ನು ಎಷ್ಟು ಸಲ ಓದಿದರೂ ಉತ್ತರ ಒಂದೇ. ಆ ಬೋನಸ್ಸಿನ ಹೆಸರು 'ನೋ ಕ್ಲೇಮ್', 'ನೋ ಫಾಲ್ಟ್' ಅಲ್ಲ. ಕೇಳದಿದ್ದವರಿಗೆ ಕೊಡುವ ಬೋನಸ್ಸು ಅದು, ತಪ್ಪು ಮಾಡದವರಿಗೆ ಕೊಡುವುದಲ್ಲ. ಗಾಡಿ ನಾನು ಹೋಗಿ ಗೋಡೆಗೆ ಗುದ್ದಿದರೂ, ನಿಂತ ಕಾರಿಗೆ ಇನ್ನೊಬ್ಬರು ಬಂದು ಗುದ್ದಿದರೂ, ಸ್ವಂತ ಹಾನಿಗೆ ಕೈಯೊಡ್ಡಿದೆನೆಂದರೆ ಮುಂದಿನ ನವೀಕರಣದಲ್ಲಿ ಬೋನಸ್ಸು ಸೊನ್ನೆ. ಒಂದು ಮೆಟ್ಟಿಲು ಕೆಳಗಲ್ಲ, ನೇರ ನೆಲಕ್ಕೆ. ಅತ್ತೆಯವರು ಇದನ್ನು ಕೇಳಿ, "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ" ಎಂದು ಎಲೆಗೆ ಸುಣ್ಣ ಹಚ್ಚಿದರು.

ನನಗೆ ನಮ್ಮ ಶಾಲೆಯ ಪೂರ್ಣ ಹಾಜರಾತಿ ಬಹುಮಾನ ನೆನಪಾಯಿತು. ಒಂದು ದಿನವೂ ತಪ್ಪಿಸದ ಮಕ್ಕಳಿಗೆ ವಾರ್ಷಿಕೋತ್ಸವದಲ್ಲಿ ಒಂದು ಸ್ಟೀಲ್ ಲೋಟ. ಕೆಲವು ವರ್ಷದ ಹಿಂದೆ ಒಂದು ಹುಡುಗಿ ಸೀತಾಳೆ ಸಿಡುಬು ಎದ್ದು ಹತ್ತು ದಿನ ಮನೆಯಲ್ಲಿ ಮಲಗಿದ್ದಳು. ಶಾಲೆಗೆ ಬರಬೇಡ ಎಂದವರು ನಾವೇ. ಲೋಟ ಅವಳಿಗೆ ಸಿಗಲಿಲ್ಲ. "ನನ್ನ ತಪ್ಪೇನು ಟೀಚರ್?" ಎಂದಳು. ಆ ಬಹುಮಾನ ಹಾಜರಿ ಪುಸ್ತಕದ ಚೌಕಗಳನ್ನು ಎಣಿಸುತ್ತದೆ, ಮಗುವನ್ನು ನೋಡುವುದಿಲ್ಲ. ವಿಮೆಯ ಬೋನಸ್ಸೂ ಅಷ್ಟೆ. ಅದು ನಡತೆಯ ಪ್ರಮಾಣಪತ್ರವಲ್ಲ, ಹಾಜರಾತಿಯ ಲೋಟ.

ನನ್ನ ತಮ್ಮನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಫೋನಿನಲ್ಲಿ ಈ ಕಥೆ ಹೇಳಿದರೆ ಆಶ್ಚರ್ಯಪಟ್ಟ. ಅಲ್ಲಿ ಕಂಪನಿಯವರು ತಪ್ಪು ಯಾರದೆಂದು ತೀರ್ಮಾನ ಮಾಡುತ್ತಾರಂತೆ. ಎದುರಿನವರ ಕಂಪನಿಯಿಂದ ಪೂರ್ತಿ ಹಣ ವಸೂಲಾದರೆ ನಮ್ಮ ರಿಯಾಯಿತಿ ಸಾಮಾನ್ಯವಾಗಿ ಹಾಗೇ ಉಳಿಯುತ್ತದಂತೆ. "ಆದರೂ ಅತ್ತೆ, ಮರುವರ್ಷ ಪ್ರೀಮಿಯಂ ಏರಿಸಿದರೂ ಏರಿಸಿದರೇ" ಎಂದು ನಕ್ಕ. ನಮ್ಮಲ್ಲಿ ಬೋನಸ್ಸನ್ನು ಕಾಪಾಡಿಕೊಳ್ಳಲು ಹೆಚ್ಚಿನ ಹಣ ಕೊಟ್ಟು ಇನ್ನೊಂದು ರಕ್ಷಣೆ ಕೊಳ್ಳಬಹುದು. ಕಾರಿನ ವಿಮೆ, ವಿಮೆಯ ಬೋನಸ್ಸು, ಬೋನಸ್ಸಿಗೆ ಮತ್ತೊಂದು ವಿಮೆ. ನಾನು ಅದನ್ನು ಕೊಂಡಿರಲಿಲ್ಲ.

ಭಾವನೆಯ ಮಾತು ಮುಗಿಯಿತು, ಲೆಕ್ಕಕ್ಕೆ ಬರೋಣ ಎಂದವರು ನಮ್ಮ ಗಣಿತದ ಮೇಷ್ಟ್ರು. ಮಧ್ಯಾಹ್ನದ ಊಟದ ಡಬ್ಬಿ ತೊಳೆದಿಟ್ಟು, ಖಾಲಿ ಹತ್ತನೇ ತರಗತಿಯ ಬೋರ್ಡಿನ ಮೇಲೆ ಬರೆಯಲು ಶುರುಮಾಡಿದರು. ನಿಮಗೆ ಬೇಕಾದೀತು, ಗಮನವಿಟ್ಟು ನೋಡಿ.

ಬೋನಸ್ಸು ಅನ್ವಯಿಸುವುದು ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ಗೊತ್ತುಮಾಡುವ ದರ, ಅದರ ಮೇಲೆ ಬೋನಸ್ಸಿಲ್ಲ. ನನ್ನ ಕಾರಿನ ಸ್ವಂತ ಹಾನಿಯ ಪ್ರೀಮಿಯಂ, ರಿಯಾಯಿತಿ ಕಳೆಯುವ ಮುಂಚೆ, ಸುಮಾರು 4,000. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ. 50, ಮಾಡಿದರೆ ಸೊನ್ನೆ, ಅಂತರ 50. ಅದರ ಮರುವರ್ಷ ಅಲ್ಲಿ 50, ಇಲ್ಲಿ 20, ಅಂತರ 30. ಆಮೇಲೆ 25, ಆಮೇಲೆ 15, ಆಮೇಲೆ 5. ಆರನೆಯ ವರ್ಷ ಎರಡೂ ಕಡೆ 50. ಅಂತರವನ್ನೆಲ್ಲ ಕೂಡಿದರೆ 125. ಎಂದರೆ ಒಂದು ಕ್ಲೇಮಿನ ಬೆಲೆ ಒಂದೂಕಾಲು ವರ್ಷದ ಸ್ವಂತ ಹಾನಿ ಪ್ರೀಮಿಯಂ. ನನ್ನ ಲೆಕ್ಕದಲ್ಲಿ 5,000, ಶೇ. 18ರ ಜಿಎಸ್‌ಟಿ ಸೇರಿದರೆ 5,900. ಕಾರು ಹಳತಾದಂತೆ ಪ್ರೀಮಿಯಂ ಇಳಿಯುವುದರಿಂದ ಇದಕ್ಕಿಂತ ಸ್ವಲ್ಪ ಕಡಿಮೆಯೇ ಆದೀತು. ಶೇ. 50ರ ಹೊಸ್ತಿಲಲ್ಲಿ ನಿಂತವರಿಗೆಲ್ಲ ಈ ಒಂದೂಕಾಲರ ಸೂತ್ರ ಹೊಂದುತ್ತದೆ.

ಇನ್ನು ಬರುವ ಹಣ. ಬಿಲ್ಲಿನ ಪೂರ್ತಿ ಹಣ ಕಂಪನಿ ಕೊಡುವುದಿಲ್ಲ, ಸವಕಳಿ ಕಳೆಯುತ್ತದೆ. ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಅರ್ಧಕ್ಕರ್ಧ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ. ನಾಲ್ಕು ದಾಟಿ ಐದಾಗದ ನನ್ನ ಕಾರಿಗೆ ಶೇ. 35, ಐದು ದಾಟಿದ್ದರೆ 40, ಹತ್ತು ದಾಟಿದ್ದರೆ 50. ಗಾಜಿಗೆ ಸವಕಳಿಯಿಲ್ಲ. ಬಣ್ಣದ ಕೆಲಸದಲ್ಲಿ ಬಣ್ಣದ ಸಾಮಾನಿಗೆ ಅರ್ಧ, ಒಟ್ಟು ಬಿಲ್ಲಾದರೆ ಅದರ ಕಾಲು ಭಾಗವನ್ನು ಸಾಮಾನು ಎಂದು ಹಿಡಿಯುತ್ತಾರೆ. ಇಷ್ಟೆಲ್ಲ ಕಳೆದ ಮೇಲೆ 1,500 ಸಿಸಿಯವರೆಗಿನ ಕಾರಿಗೆ ಕಡ್ಡಾಯವಾಗಿ ಇನ್ನೊಂದು 1,000 ನಮ್ಮ ಕೈಯಿಂದ. ಹೆಚ್ಚು ಹಣ ಕೊಟ್ಟು 'ಜೀರೊ ಡೆಪ್ರಿಸಿಯೇಷನ್' ಕೊಂಡವರಿಗೆ ಈ ಸವಕಳಿಯ ಕಾಟವಿಲ್ಲ, ಸಾವಿರ ಮಾತ್ರ ತಪ್ಪದು.

ನಮ್ಮೂರಿನ ಗ್ಯಾರೇಜಿನವರು ತಗಡು ತಟ್ಟಿ, ಬಂಪರಿಗೆ ಬೆಸುಗೆ ಹಾಕಿ, ಹಳೆಯ ದೀಪ ಹುಡುಕಿ ಕೂರಿಸಿ, ಎಲ್ಲಾ ಸೇರಿ 9,000 ಎಂದಿದ್ದರು. ಅದಕ್ಕೆ ಕಂಪನಿಯಿಂದ ಬರುವುದು ಹೆಚ್ಚೆಂದರೆ 6,500. ಹೋಗುವ ಬೋನಸ್ಸು 5,900. ಲಾಭ 600. "ಈ ಆರುನೂರಕ್ಕೆ ನೀವು ಶಿವಮೊಗ್ಗಕ್ಕೆ ಎರಡು ಸಲ ಓಡಾಡಿದರೆ ಬಸ್ ಚಾರ್ಜಿಗೆ ಸರಿಹೋಯ್ತು. ಕ್ಲೇಮ್ ಬೇಡ" ಎಂದು ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

ಆದರೆ ಡಿಕ್ಕಿಯ ಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲ. ಒಳಗಿನ ತಗಡೇ ಬಾಗಿತ್ತು. ಶಿವಮೊಗ್ಗದ ಕಂಪನಿ ವರ್ಕ್‌ಶಾಪಿನಲ್ಲಿ ಅದನ್ನು ಬದಲಾಯಿಸದೆ ಉಪಾಯವಿಲ್ಲ ಎಂದರು. ಬಂಪರು 3,200, ದೀಪ 1,800, ಬಾಗಿಲು ಮತ್ತು ಅದರ ಕೆಳಗಿನ ತಗಡು 8,000, ಗಾಜು 3,500, ಬಣ್ಣ 6,000, ಕೂಲಿ 3,500. ಒಟ್ಟು 26,000. ಬೋರ್ಡಿನ ಮೇಲೆ ಮತ್ತೆ ಲೆಕ್ಕ ಹತ್ತಿತು. ಸವಕಳಿ 6,050, ಕಡ್ಡಾಯದ್ದು 1,000, ಕಳೆದು ಉಳಿದದ್ದು 18,950. ಹೋಗುವ 5,900 ಕಳೆದರೂ 13,000 ಮಿಗುತ್ತದೆ. ಈ ಸಲ ಮೇಷ್ಟ್ರು "ಕ್ಲೇಮ್ ಮಾಡಿ" ಎಂದರು. ಹತ್ತನೇ ತರಗತಿಯ ಮಕ್ಕಳು ಬಂದು, ಬೋರ್ಡಿನ ಮೇಲಿನ ಲೆಕ್ಕವನ್ನು ಹೋಂವರ್ಕ್ ಎಂದು ತಿಳಿದು ಅರ್ಧ ಬರೆದುಕೊಂಡಿದ್ದರು.

ಇಲ್ಲಿಗೆ ಮುಗಿಯಬೇಕಿತ್ತು. ನಿಜವಾದ ಕಷ್ಟ ಶುರುವಾದದ್ದು ಇಲ್ಲಿ.

ವರ್ಕ್‌ಶಾಪಿನಲ್ಲಿ ವಿಮೆಯ ಕಾಗದ ಪತ್ರ ನೋಡಿಕೊಳ್ಳುವ ಒಬ್ಬ ಹುಡುಗನಿದ್ದ. ತುಂಬ ವಿನಯವಂತ, ಕಾಫಿ ತರಿಸಿಕೊಟ್ಟ. ಕ್ಲೇಮ್ ಫಾರಮ್ಮಿನಲ್ಲಿ 'ಅಪಘಾತ ಹೇಗಾಯಿತು' ಎಂಬ ಅಂಕಣಕ್ಕೆ ಬಂದಾಗ ಪೆನ್ನು ಕೈಗೆ ಕೊಟ್ಟು, "ಮೇಡಂ, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿತು ಅಂತ ಬರೆದುಬಿಡಿ" ಎಂದ.

"ನಾನು ರಿವರ್ಸ್ ತೆಗೆದಿಲ್ಲಪ್ಪ. ನಿಂತ ಕಾರಿಗೆ ಅವರು ಬಂದು ಗುದ್ದಿದ್ದು."

"ಗೊತ್ತು ಮೇಡಂ. ಇನ್ನೊಂದು ಗಾಡಿ ಅಂತ ಬರೆದರೆ ಅದರ ನಂಬರ್ ಏನು, ಡ್ರೈವರ್ ಯಾರು, ಕಂಪ್ಲೇಂಟ್ ಕೊಟ್ರಾ ಅಂತ ಹತ್ತು ಪ್ರಶ್ನೆ. ಕಂಬ ಆದರೆ ಒಂದೇ ಸಾಲು. ಬೋನಸ್ ಹೇಗಿದ್ರೂ ಹೋಗುತ್ತೆ, ಹಣ ಹೇಗಿದ್ರೂ ಅಷ್ಟೇ ಬರುತ್ತೆ. ಎಲ್ಲರೂ ಹೀಗೇ ಬರೆಯೋದು."

ಅವನು ಹೇಳಿದ್ದರಲ್ಲಿ ತರ್ಕದ ದೋಷವಿರಲಿಲ್ಲ. ತಪ್ಪು ಯಾರದೆಂದು ಕೇಳದ ವ್ಯವಸ್ಥೆಯಲ್ಲಿ, ತಪ್ಪು ನನ್ನದೆಂದು ಬರೆದುಕೊಟ್ಟರೆ ನನಗೆ ಒಂದು ಪೈಸೆ ನಷ್ಟವಿಲ್ಲ, ಕೆಲಸವೂ ಸುಲಭ. ಮೊದಲು ಬೋನಸ್ಸು ಕೊಡಬೇಕು, ಆಮೇಲೆ ಮರ್ಯಾದೆಯನ್ನೂ ಕೊಟ್ಟರೆ ಕಾಗದ ಬೇಗ ಓಡುತ್ತದೆ. "ನಾಳೆ ಬರೆದುಕೊಡುತ್ತೇನೆ" ಎಂದು ಫಾರಮ್ಮನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಕಂಬದ ಸುಳ್ಳು ನನಗೆ ಮಾತ್ರ ಅನುಕೂಲವಾಗಿದ್ದರೆ ಅಷ್ಟು ಯೋಚನೆಯಿರಲಿಲ್ಲ, ಬೇಡವೆಂದು ತಳ್ಳಿಬಿಡುತ್ತಿದ್ದೆ. ಆ ಸುಳ್ಳು ಪಿಕಪ್ಪಿನವರಿಗೂ ಅನುಕೂಲವಾಗಿತ್ತು. ವಿಮಾ ಕಂಪನಿ ನನಗೆ ಹಣ ಕೊಟ್ಟ ಮೇಲೆ, ತಪ್ಪು ಮಾಡಿದವರಿಂದ ಆ ಹಣ ವಸೂಲು ಮಾಡುವ ನನ್ನ ಹಕ್ಕು ಕಂಪನಿಗೆ ಹೋಗುತ್ತದೆ. ನಾನು ಗಾಡಿಯ ನಂಬರು ಬರೆದರೆ, ಕಂಪನಿ ಮನಸ್ಸು ಮಾಡಿದರೆ, ಅವರ ಮನೆಗೆ ಒಂದು ನೋಟೀಸು ಹೋಗಬಹುದು. ವಿಮೆ ಇದ್ದಿದ್ದರೆ ಅದನ್ನು ಅವರ ಕಂಪನಿಗೆ ದಾಟಿಸಿ ಸುಮ್ಮನಿರಬಹುದಿತ್ತು. ಕಂಬ ಎಂದು ಬರೆದರೆ ಈ ಯಾವ ರಗಳೆಯೂ ಇಲ್ಲ. ಪೊಲೀಸ್ ಬೇಡ ಎಂದು ಒಪ್ಪಿದವಳು ಇಷ್ಟಕ್ಕೆ ಯಾಕೆ ಹಿಂಜರಿಯಬೇಕು ಎಂದು ಕತ್ತಲೆಯಲ್ಲಿ ನಮ್ಮವರೂ ಕೇಳಿದರು.

ಯಾಕೆಂದರೆ ಎರಡೂ ಒಂದೇ ಅಲ್ಲ. ದೂರು ಕೊಡದೆ ಇರುವುದು ನನ್ನ ಹಕ್ಕನ್ನು ನಾನು ಬಿಟ್ಟುಕೊಡುವುದು. ನಡೆಯದ್ದನ್ನು ನಡೆಯಿತೆಂದು ರುಜು ಹಾಕುವುದು ಬೇರೆ. ವಿಮೆಯ ಒಪ್ಪಂದ ನಿಂತಿರುವುದೇ ಎರಡೂ ಕಡೆಯವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ. ಸುಳ್ಳು ಹೊರಬಿದ್ದರೆ ಕಂಪನಿ ಪೂರ್ತಿ ಹಣವನ್ನೇ ತಿರಸ್ಕರಿಸಬಹುದು. ಆ ಭಯ ಒಂದು ಕಡೆ ಇರಲಿ. ಮೂಗೊರೆಸಿಕೊಂಡು ನಿಂತ ಹುಡುಗನಿಗೆ, "ನೀನೇ ಮೊದಲು ಹೊಡೆದೆ ಅಂತ ಬರೆದುಕೊಡು, ಬೇಗ ಮನೆಗೆ ಹೋಗಬಹುದು" ಎಂದು ನಾನು ಎಂದಾದರೂ ಹೇಳಿದ್ದುಂಟೆ? ಇನ್ನೂ ಒಂದು ಮಾತಿತ್ತು. ನಮ್ಮ ಶಾಲೆಯ ಮಕ್ಕಳು ನಡೆದು ಬರುವುದು ಅದೇ ರಸ್ತೆಯಲ್ಲಿ. ಅವತ್ತು ಹಿಂದೆ ಇದ್ದದ್ದು ನನ್ನ ಕಾರಾಗಿರದೆ ಒಂದು ಮಗುವಾಗಿದ್ದರೆ, ವಿಮೆಯಿಲ್ಲದ ಆ ಗಾಡಿಯಿಂದ ಮಗುವಿನ ಮನೆಯವರಿಗೆ ಯಾವ ಕಂಪನಿ ಪರಿಹಾರ ಕೊಡುತ್ತಿತ್ತು? ಕಂಬದ ಕಥೆ ಬರೆದರೆ, ಆ ಗಾಡಿ ಅಲ್ಲಿರಲೇ ಇಲ್ಲ ಎಂದು ಬರೆದಂತೆ.

ಬೆಳಿಗ್ಗೆ ಎದ್ದು ಮೊದಲು ಪಿಕಪ್ಪಿನವರಿಗೆ ಫೋನ್ ಮಾಡಿದೆ. "ಕೇಸು ಹಾಕುವುದಿಲ್ಲ. ಆದರೆ ಫಾರಮ್ಮಿನಲ್ಲಿ ನಡೆದದ್ದನ್ನು ಬರೆಯುತ್ತೇನೆ, ನಿಮ್ಮ ಗಾಡಿ ನಂಬರು ಇರುತ್ತದೆ. ನನಗೆ ಕೊಡಲು ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಮೊದಲು ಇನ್ಶೂರೆನ್ಸ್ ಮಾಡಿಸಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓದಿದೋರು ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮ" ಎಂದು ಫೋನ್ ಇಟ್ಟರು.

ಆ ಮಾತು ಚುಚ್ಚಿತು. ಚುಚ್ಚಲು ಕಾರಣವೂ ಇತ್ತು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ನನ್ನಂಥ 1,000 ಸಿಸಿಯೊಳಗಿನ ಕಾರಿಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ. 7,500 ಕೆ.ಜಿ.ಯವರೆಗಿನ ನಾಲ್ಕು ಚಕ್ರದ ಸರಕು ಗಾಡಿಗೆ 16,049. ಸರಕು ಗಾಡಿ ಹಗಲೂ ರಾತ್ರಿ ಓಡುತ್ತದೆ, ಅಪಾಯ ಹೆಚ್ಚು, ಆದ್ದರಿಂದ ದರವೂ ಹೆಚ್ಚು. ಲೆಕ್ಕ ಸರಿಯೇ. ಆದರೆ ತಿಂಗಳ ಸಂಬಳದ ನಾನು ಎರಡು ಸಾವಿರ ಕಟ್ಟುವಲ್ಲಿ, ಬಾಡಿಗೆ ಸಿಕ್ಕಿದ ದಿನ ಮಾತ್ರ ದುಡ್ಡು ಕಾಣುವವರು ಹದಿನಾರು ಸಾವಿರವನ್ನು ಒಂದೇ ಗಂಟಾಗಿ ಹೊಂದಿಸಬೇಕು. ಎರಡು ತಿಂಗಳು ತಡವಾದದ್ದು ಯಾಕೆಂದು ನನಗೆ ಅರ್ಥವಾಗುತ್ತದೆ. ಅರ್ಥವಾಯಿತೆಂದು ಸುಳ್ಳು ಬರೆಯಲು ಬರುವುದಿಲ್ಲ.

ಬರೆದೆ. 'ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದ ನನ್ನ ಕಾರಿಗೆ, ಹಿಂದಕ್ಕೆ ಬರುತ್ತಿದ್ದ ಸರಕು ವಾಹನ ಡಿಕ್ಕಿ ಹೊಡೆಯಿತು.' ದಿನಾಂಕ, ವೇಳೆ, ಗಾಡಿಯ ನಂಬರು, ಕೆಳಗೆ ರುಜು. ವರ್ಕ್‌ಶಾಪಿನ ಹುಡುಗ ಓದಿ, ನನ್ನ ಮುಖ ನೋಡಿ, ಏನೂ ಹೇಳದೆ ಕ್ಲಿಪ್ಪು ಹಾಕಿದ. ಅವನು ಹೆದರಿಸಿದ್ದ ಹತ್ತು ಪ್ರಶ್ನೆಯಲ್ಲಿ ಬಂದದ್ದು ಮೂರು. ಸರ್ವೇಯರ್ ಬಂದು ಫೋಟೊ ತೆಗೆದುಕೊಂಡರು. ಯಾರಿಗೂ ಗಾಯವಾಗಿಲ್ಲವಾದ್ದರಿಂದ ಎಫ್‌ಐಆರ್ ಕೇಳಲಿಲ್ಲ. "ಇಷ್ಟು ಸಣ್ಣ ಮೊತ್ತಕ್ಕೆ ಕಂಪನಿ ಅವರ ಹಿಂದೆ ಹೋಗುವುದು ಅಪರೂಪ" ಎಂದು ಅವರಾಗಿಯೇ ಹೇಳಿದರು. ಹನ್ನೆರಡು ದಿನಕ್ಕೆ ಕಾರು ಸಿಕ್ಕಿತು. ನಾನು ಕೊಟ್ಟದ್ದು 7,050. ಮೇಷ್ಟರ ಲೆಕ್ಕ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಅವರು ಅದನ್ನು ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಒಂದು ತಿಂಗಳ ಮೇಲೆ ಪೇಟೆಯಲ್ಲಿ ಆ ಪಿಕಪ್ಪು ಎದುರಾಯಿತು. ಗಾಡಿ ನಿಂತಿತ್ತು, ಅವರು ಒಳಗೆ ಕುಳಿತಿದ್ದರು. ನನ್ನನ್ನು ನೋಡಿ ನಗಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಕಾಗದ ತೆಗೆದು ಕಿಟಕಿಯಿಂದ ತೋರಿಸಿ ಮತ್ತೆ ಅಲ್ಲೇ ಇಟ್ಟರು. ವಿಮೆಯ ಕಾಗದ. ನಾನು ತಲೆಯಾಡಿಸಿದೆ. ನಮ್ಮಿಬ್ಬರ ನಡುವೆ ಇದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ. ಕಂಪನಿಯಿಂದ ಅವರಿಗೆ ಯಾವ ಪತ್ರವೂ ಹೋದಂತಿಲ್ಲ. ಹೋಗಿದ್ದರೆ ಆ ಕಿಟಕಿಯಿಂದ ಕಾಗದದ ಬದಲು ಬೇರೇನಾದರೂ ಬರುತ್ತಿತ್ತು.

ಮಾರ್ಚಿನಲ್ಲಿ ನವೀಕರಣದ ಕಾಗದ ಬಂತು. ಐದು ವರ್ಷ ಏಣಿ ಹತ್ತಿದ ಬೋನಸ್ಸು ಸೊನ್ನೆಗೆ ಬಂದು ಕುಳಿತಿತ್ತು. ಮರುವರ್ಷ ಶೇ. 20ರಿಂದ ಮತ್ತೆ ಒಂದನೇ ಮೆಟ್ಟಿಲು. ನೋಡಿದಾಗ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು, ಕಂಬದಷ್ಟೇ ದೊಡ್ಡ ಸುಳ್ಳು. ಆದರೆ ಹಣ ಕಟ್ಟುವುದು ಬಿಡಲಿಲ್ಲ. ನೀವೂ ಬಿಡಬೇಡಿ. ಪಾಲಿಸಿ ಮುಗಿದ ದಿನದಿಂದ ಗಾಡಿಗೆ ರಕ್ಷಣೆಯಿಲ್ಲ, 90 ದಿನ ಮೀರಿದರೆ ಕೂಡಿಟ್ಟ ಬೋನಸ್ಸೂ ಹೋಗುತ್ತದೆ. ಇನ್ನು ಕಾರು ಮಾರಿದರೆ ಬೋನಸ್ಸನ್ನು ಕೊಂಡವರಿಗೆ ಬಿಟ್ಟುಕೊಡಬೇಡಿ. ಅದು ಕಾರಿನದಲ್ಲ, ನಿಮ್ಮದು. ಹೊಸ ಕಾರಿಗೆ ತೆಗೆದುಕೊಂಡು ಹೋಗಬಹುದು. ಸಣ್ಣ ಪೆಟ್ಟಾದರೆ ಒಂದೂಕಾಲರ ಲೆಕ್ಕ ಮಾಡಿ. ಸವಕಳಿ ಕಳೆದು ಕೈಗೆ ಬರುವುದು ಅದನ್ನು ಸಾಕಷ್ಟು ಮೀರದಿದ್ದರೆ ಸುಮ್ಮನಿರಿ, ಮೀರಿದರೆ ಸಂಕೋಚವಿಲ್ಲದೆ ಕೇಳಿ. ವಿಮೆ ಕಟ್ಟುವುದು ಬೋನಸ್ಸು ಕೂಡಿಡಲಿಕ್ಕಲ್ಲ.

ಕಂಪನಿಯ ನಿಯಮ ತಿದ್ದಲು ಸಾಗರದ ಟೀಚರಮ್ಮನಿಂದ ಆಗದು. ಆಗುವ ಒಂದು ಕಡೆ ಮಾತ್ರ ಬಾಯಿ ತೆರೆದೆ. ಕಳೆದ ಸಲದ ಸ್ಟಾಫ್ ಮೀಟಿಂಗಿನಲ್ಲಿ, ಡಾಕ್ಟರ ಚೀಟಿ ತಂದ ಮಕ್ಕಳ ರಜೆಯನ್ನು ಪೂರ್ಣ ಹಾಜರಾತಿ ಬಹುಮಾನದ ಲೆಕ್ಕದಲ್ಲಿ ಹಿಡಿಯಬಾರದು ಎಂದು ಸೂಚನೆ ಮಂಡಿಸಿದೆ. ಗಣಿತದ ಮೇಷ್ಟ್ರು ಅನುಮೋದಿಸಿದರು. "ಹಾಗೆ ಮಾಡಿದರೆ ಚೀಟಿ ಬರೆಸಿಕೊಂಡು ಬರುವವರು ಹೆಚ್ಚಾಗುತ್ತಾರಲ್ಲ" ಎಂದು ಹೆಡ್‌ಮಾಸ್ಟರು ಸಂಶಯಪಟ್ಟರು. ಆ ಸಂಶಯದಲ್ಲೂ ಹುರುಳಿಲ್ಲದಿಲ್ಲ. ಕೊನೆಗೆ ಈ ವರ್ಷ ಹತ್ತು ಲೋಟ ಹೆಚ್ಚಿಗೆ ತರಿಸೋಣ, ಮುಂದಿನದು ಮುಂದೆ ನೋಡೋಣ ಎಂದು ತೀರ್ಮಾನವಾಯಿತು.